ಅಡುಗೆಮನೆಯ ಮೊದಲ ಹಾಸಿಗೆ

ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ. ದುಡಿಯಲು ದೂರ ಹೋದವರಲ್ಲಿ ಅನೇಕರು ಅಷ್ಟು ಹೊತ್ತಿಗೆ ಊರಿಗೆ ಬಂದಿರುತ್ತಾರೆ. ತೇರು ಎಳೆದಾಯಿತು, ನಾಟಕ ನೋಡಿದ್ದಾಯಿತು. ಇನ್ನು ನಾಲ್ಕು ದಿನ ಕಳೆಯಿತೆಂದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಬಸ್ ನಿಲ್ದಾಣಗಳಲ್ಲಿ ಮತ್ತೆ ಗಂಟುಮೂಟೆಗಳ ಸಾಲು. ರೊಟ್ಟಿಯ ಬುತ್ತಿ, ಹಿಟ್ಟಿನ ಚೀಲ, ಪ್ಲಾಸ್ಟಿಕ್ ಕೊಡ, ಅದರ ಮಗ್ಗುಲಲ್ಲಿ ಶಾಲೆಯ ಸಮವಸ್ತ್ರವನ್ನೇ ತೊಟ್ಟು ಕುಳಿತ ಮಗು. ಬಸ್ಸು ಮಂಗಳೂರಿಗೊ, ಉಡುಪಿಗೊ, ಗೋವಾಕ್ಕೊ. ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆ ಹೊರಟಿದ್ದಾರೆ. ಅವರ ಹಿಂದೆ ಮಗು. ಶಾಲೆಯ ಹಾಜರಿ ಪುಸ್ತಕದಲ್ಲಿ ನಾಳೆಯಿಂದ ಆ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳುತ್ತ ಹೋಗುತ್ತದೆ.

ಇದೇ ಜನವರಿ ತಿಂಗಳ 31ರಂದು ಧರ್ಮಸಭೆ ಸಂತ ಜಾನ್ ಬೋಸ್ಕೊರ ಹಬ್ಬವನ್ನು ಆಚರಿಸುತ್ತದೆ. ಅಂದು ಮಕ್ಕಳಿಗೆ ಆಟದ ಸ್ಪರ್ಧೆ ನಡೆಸಿ, ಮಿಠಾಯಿ ಹಂಚಿ, ಸಂತರ ಚಿತ್ರಕ್ಕೆ ಹಾರ ಹಾಕುತ್ತೇವೆ. ಸುತ್ತ ಮಕ್ಕಳನ್ನು ಸೇರಿಸಿಕೊಂಡು ನಿಂತ ಆ ನಗುಮೊಗವನ್ನು ನೋಡಿದರೆ ಅವರ ಬಾಲ್ಯವೂ ಹಾಗೆಯೇ ನಗುನಗುತ್ತ ಕಳೆದಿರಬೇಕು ಎನ್ನಿಸುತ್ತದೆ. ಆದರೆ ಆ ಸಂತರೇ ಒಂದು ಕಾಲಕ್ಕೆ ಗಂಟು ಹಿಡಿದು ಮನೆ ಬಿಟ್ಟು ಕೆಲಸ ಹುಡುಕುತ್ತ ನಡೆದ ಹುಡುಗ, ಓದು ತಪ್ಪಿಹೋದ ಹುಡುಗ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಉತ್ತರ ಇಟಲಿಯ ಪಿಯೆಮೊಂತೆ ಪ್ರಾಂತದಲ್ಲಿ ಬೆಕ್ಕಿ ಎಂಬುದು ಗುಡ್ಡದ ಮೇಲಿನ ಸಣ್ಣ ಹಳ್ಳಿ. 1815ರ ಆಗಸ್ಟ್ 16ರಂದು ಜಾನ್ ಅಲ್ಲಿ ಹುಟ್ಟಿದ. ತಂದೆ ಫ್ರಾನ್ಸಿಸ್ ರೈತ. 1817ರ ಮೇ ತಿಂಗಳಲ್ಲಿ ಒಂದು ದಿನ ದುಡಿದು ಬೆವೆತ ಮೈಯಲ್ಲಿ ತಣ್ಣನೆಯ ನೆಲಮಾಳಿಗೆಗೆ ಇಳಿದವನಿಗೆ ನ್ಯುಮೋನಿಯಾ ಹಿಡಿಯಿತು. ಕೆಲವೇ ದಿನಗಳಲ್ಲಿ ತೀರಿಕೊಂಡ. ಜಾನ್‌ಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ. ಮನೆಯಲ್ಲಿ ಉಳಿದವರು ತಾಯಿ ಮಾರ್ಗರೀಟ, ಕೈಲಾಗದ ಅಜ್ಜಿ, ತಂದೆಯ ಮೊದಲ ಹೆಂಡತಿಯ ಮಗ ಅಂತೋನಿ, ಜಾನ್‌ನ ಒಡಹುಟ್ಟಿದ ಅಣ್ಣ ಜೋಸೆಫ್. ಆ ವರ್ಷ ಬರಗಾಲ ಬೇರೆ. ಮಾರ್ಗರೀಟ ಇನ್ನೂ ಇಪ್ಪತ್ತೊಂಬತ್ತರ ವಿಧವೆ. ಒಳ್ಳೆಯ ಕಡೆಯಿಂದ ಮರುಮದುವೆಯ ಮಾತು ಬಂದಿತ್ತು. ಹಾಗೆ ಮಾಡಿದರೆ ಮಕ್ಕಳನ್ನು ಬೇರೊಬ್ಬರ ವಶಕ್ಕೆ ಬಿಡಬೇಕಾಗುತ್ತದೆ ಎಂದು ತಿಳಿದಾಗ ಆಕೆ ಆ ಮಾತನ್ನೇ ಮುಚ್ಚಿಬಿಟ್ಟಳು.

ಒಂಬತ್ತನೆಯ ವಯಸ್ಸಿನಲ್ಲಿ ಜಾನ್ ಕಂಡ ಕನಸಿನ ಕತೆಯನ್ನು ಜ್ಞಾನೋಪದೇಶದ ತರಗತಿಯಲ್ಲಿ ಎಲ್ಲರೂ ಕೇಳಿದ್ದೇವೆ. ಕಾದಾಡುವ ಹುಡುಗರು, ಕಾಡುಮೃಗಗಳು ಕುರಿಮರಿಗಳಾದದ್ದು, ಎಲ್ಲವೂ ಗೊತ್ತು. ಕನಸು ಕಂಡ ಮೇಲೆ ಆ ಮನೆಯಲ್ಲಿ ಏನಾಯಿತು ಎಂಬುದನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಜಾನ್‌ಗೆ ಪುಸ್ತಕದ ಹುಚ್ಚು. ಹೊಲಕ್ಕೆ ಹೋದರೂ ಕೈಯಲ್ಲಿ ಪುಸ್ತಕ. ಅಂತೋನಿಗೆ ಅದನ್ನು ಕಂಡರೆ ಆಗದು. ಅಂತೋನಿಯನ್ನು ದುಷ್ಟನಂತೆ ಚಿತ್ರಿಸುವುದು ಸುಲಭ. ನನಗೆ ಅದು ಸರಿ ಕಾಣುವುದಿಲ್ಲ. ಚಿಕ್ಕಂದಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಆ ಹುಡುಗನ ಹೆಗಲ ಮೇಲೆ ಇಡೀ ಹೊಲದ ದುಡಿಮೆ ಬಿದ್ದಿತ್ತು. ತಾನು ಅಕ್ಷರವಿಲ್ಲದೆ ಬೆಳೆದೆ, ತಮ್ಮನೇಕೆ ದುಡಿಯಬಾರದು ಎಂಬುದು ಅವನ ಪ್ರಶ್ನೆ. ಈ ಪ್ರಶ್ನೆ ನಮ್ಮ ಮನೆಗಳಲ್ಲೂ ಏಳುತ್ತದೆ. ಮನೆಯಲ್ಲಿ ದಿನವೂ ಜಗಳ, ಕೆಲವೊಮ್ಮೆ ಏಟು. ಕೊನೆಗೆ 1828ರ ಫೆಬ್ರುವರಿಯ ಚಳಿಯಲ್ಲಿ ಮಾರ್ಗರೀಟ ಎದೆ ಕಲ್ಲು ಮಾಡಿಕೊಂಡು ಹನ್ನೆರಡು ವರ್ಷದ ಮಗನ ಕೈಗೆ ಒಂದು ಗಂಟು ಕೊಟ್ಟು, ಎಲ್ಲಾದರೂ ದನ ಕಾಯುವ ಕೆಲಸ ಹುಡುಕಿಕೊ ಎಂದು ಕಳಿಸಿದಳು.

ಹುಡುಗ ಮನೆಯಿಂದ ಮನೆಗೆ ಕೇಳುತ್ತ ನಡೆದ. ಮೊಲ್ಯ ಎಂಬವರ ಮನೆಯಲ್ಲಿ, ಈಗ ಚಳಿಗಾಲ, ಆಳು ಬೇಕಾಗಿಲ್ಲ, ಹಿಂದಕ್ಕೆ ಹೋಗು ಎಂದರು. ಹೋಗಲು ಜಾಗವೇ ಇರಲಿಲ್ಲ. ಅವನು ಅಳುತ್ತ ಅಲ್ಲೇ ನಿಂತ. ಆ ಮನೆಯ ಹೆಣ್ಣುಮಗಳಿಗೆ ಕರುಳು ಚುರ್ ಎಂದಿತು. ನಾಲ್ಕು ದಿನ ಇಟ್ಟುಕೊಂಡು ನೋಡೋಣ ಎಂದು ಗಂಡನನ್ನು ಒಪ್ಪಿಸಿದಳು. ಹಾಗೆ ಕೊಟ್ಟಿಗೆಯ ಆಳಾಗಿ ಸೇರಿದ ಜಾನ್ ಸುಮಾರು ಎರಡು ವರ್ಷ, 1829ರ ನವೆಂಬರ್‌ವರೆಗೆ ಅಲ್ಲೇ ದುಡಿದ. ಮುಂದೆ ಅವರು ಎಷ್ಟೋ ಮಕ್ಕಳಿಗೆ ಬಾಗಿಲು ತೆರೆದರು. ತೆರೆಯದ ಬಾಗಿಲಿನ ಮುಂದೆ ತಾನೇ ಒಮ್ಮೆ ನಿಂತವರು ಅವರು.

ಸೋದರಮಾವ ಬಂದು ಹುಡುಗನನ್ನು ಮನೆಗೆ ಕರೆತಂದ. ಅದೇ ತಿಂಗಳು ಪ್ರವಚನ ಕೇಳಿ ಮರಳುವ ದಾರಿಯಲ್ಲಿ ಕಾಲೊಸ್ಸೊ ಎಂಬ ಮುದಿ ಗುರುಗಳ ಪರಿಚಯವಾಯಿತು. ಕೇಳಿದ ಪ್ರವಚನವನ್ನು ಹುಡುಗ ಒಪ್ಪಿಸಿದ ರೀತಿಗೆ ಬೆರಗಾದ ಅವರು ತಾವೇ ಪಾಠ ಹೇಳಲು ಮುಂದಾದರು. ತಂದೆಯ ಮುಖವನ್ನೇ ನೆನಪಿಟ್ಟುಕೊಳ್ಳಲಾಗದ ಜಾನ್‌ಗೆ ಅವರಲ್ಲಿ ತಂದೆ ಸಿಕ್ಕಂತಾಯಿತು. ಒಂದೇ ವರ್ಷ. 1830ರ ನವೆಂಬರ್‌ನಲ್ಲಿ ಆ ಗುರುಗಳು ಲಕ್ವ ಹೊಡೆದು ತೀರಿಕೊಂಡರು. ಸಾಯುವ ಮೊದಲು ಮಾತು ನಿಂತಿದ್ದರೂ ಹಣದ ಪೆಟ್ಟಿಗೆಯ ಕೀಲಿಯನ್ನು ಜಾನ್‌ನ ಕೈಗಿಟ್ಟು ಸನ್ನೆ ಮಾಡಿದರಂತೆ. ಹುಡುಗ ಆ ಕೀಲಿಯನ್ನು ಅವರ ಬಂಧುಗಳಿಗೆ ಒಪ್ಪಿಸಿ ಬರಿಗೈಯಲ್ಲಿ ಮನೆಗೆ ಬಂದ.

ಮುಂದೆ ಆಸ್ತಿ ಪಾಲಾಯಿತು, ಜಾನ್‌ಗೆ ಶಾಲೆಯ ದಾರಿ ತೆರೆಯಿತು. ಕಾಸ್ತೆಲ್ನುವೊವೊ, ಆಮೇಲೆ ಕಿಯೇರಿ ಪಟ್ಟಣ. ತನಗಿಂತ ಬಹಳ ಚಿಕ್ಕವರ ನಡುವೆ ದೊಡ್ಡ ಹುಡುಗ ಕುಳಿತು ಕಲಿತ. ಕಾಫಿ ಅಂಗಡಿಯಲ್ಲಿ ದುಡಿದು ಊಟ ವಸತಿಗೆ ದಾರಿ ಮಾಡಿಕೊಂಡ. 1835ರಲ್ಲಿ ಗುರುಮಠ ಸೇರಿ, 1841ರ ಜೂನ್ 5ರಂದು ಗುರುದೀಕ್ಷೆ ಪಡೆದ. ಇಟಲಿಯಲ್ಲಿ ಗುರುಗಳನ್ನು ಡಾನ್ ಎಂದು ಕರೆಯುವುದು ರೂಢಿ. ಜಾನ್ ಇನ್ನು ಡಾನ್ ಬೋಸ್ಕೊ.

ಅದೇ ವರ್ಷ ಅವರು ತೂರಿನ್ ನಗರಕ್ಕೆ ಬಂದರು. ಫಾದರ್ ಕಫಾಸ್ಸೊ ಅವರನ್ನು ಸೆರೆಮನೆಗಳಿಗೆ ಕರೆದುಕೊಂಡು ಹೋದರು. ಅಲ್ಲಿ ಹನ್ನೆರಡರಿಂದ ಹದಿನೆಂಟು ವರ್ಷದ ಗಟ್ಟಿಮುಟ್ಟಾದ ಹುಡುಗರು ಹೇನು ತುಂಬಿದ ತಲೆಯಲ್ಲಿ, ಹಸಿದ ಹೊಟ್ಟೆಯಲ್ಲಿ ಕೊಳೆಯುತ್ತಿದ್ದರು. ಬಿಡುಗಡೆಯಾಗಿ ಹೋದವರೇ ಕೆಲವು ದಿನಗಳಲ್ಲಿ ಮತ್ತೆ ಒಳಗೆ ಬರುತ್ತಿದ್ದುದನ್ನು ಡಾನ್ ಬೋಸ್ಕೊ ಗಮನಿಸಿದರು. ಹೊರಗೆ ಅವರನ್ನು ನಮ್ಮವನು ಎನ್ನುವ ಒಬ್ಬರೂ ಇಲ್ಲ. ಕಾರಣ ಅಷ್ಟೇ. ಹಾಗಾದರೆ ಕೆಲಸ ಮಾಡಬೇಕಾದದ್ದು ಸೆರೆಮನೆಯ ಒಳಗಲ್ಲ, ಹುಡುಗ ಅಲ್ಲಿಗೆ ಹೋಗುವ ಮೊದಲು, ಬೀದಿಯಲ್ಲಿ.

ತೂರಿನ್ ಆಗ ಬೆಳೆಯುತ್ತಿದ್ದ ನಗರ. ಎಲ್ಲೆಲ್ಲೂ ಕಟ್ಟಡದ ಕೆಲಸ. ಬೆಟ್ಟದ ಕಡೆಯ ಬಡ ಹಳ್ಳಿಗಳಿಂದ, ಲೊಂಬಾರ್ದಿಯಿಂದ, ಹುಡುಗರು ಕಲ್ಲು ಗಾರೆ ಹೊರಲು, ಹೊಗೆಗೂಡು ಒರೆಸಲು ಹಂಗಾಮಿಗೆ ಬರುತ್ತಿದ್ದರು, ಹಂಗಾಮು ಮುಗಿದರೆ ಊರಿಗೆ. ಕೆಲವರಿಗೆ ಹೋಗಲು ಊರೂ ಇಲ್ಲ. ಬಾದಾಮಿ, ಹುನಗುಂದದ ಕಡೆಯಿಂದ ಘಟ್ಟ ಇಳಿದು ಹೋಗುವ ನಮ್ಮ ಜನರ ಕತೆಯೇ ಅಲ್ಲವೇ ಇದು? ಡಾನ್ ಬೋಸ್ಕೊ ಕಟ್ಟಡ ಕೆಲಸ ನಡೆಯುವಲ್ಲಿಗೇ ಹೋಗಿ ಮಾತಾಡಿಸುತ್ತಿದ್ದರು. ಚರ್ಚಿಗೆ ಬಾರದ ಹುಡುಗನನ್ನು ಬೈಯುವ ಮೊದಲು ಅವನು ಎಲ್ಲಿ ಮಲಗುತ್ತಾನೆ, ಯಾರ ಕೈಕೆಳಗೆ ದುಡಿಯುತ್ತಾನೆ ಎಂದು ತಿಳಿದುಕೊಳ್ಳುತ್ತಿದ್ದರು.

1841ರ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬ. ಡಾನ್ ಬೋಸ್ಕೊ ಪೂಜಾವಸ್ತ್ರ ತೊಡುತ್ತಿದ್ದಾಗ ಆ ಕೋಣೆಯ ಮೂಲೆಯಲ್ಲಿ ನಿಂತಿದ್ದ ಒಬ್ಬ ಹುಡುಗನನ್ನು, ಪೂಜೆಗೆ ಸಹಾಯ ಮಾಡಲು ಬಾರದವನು ಇಲ್ಲೇಕೆ ಬಂದೆ ಎಂದು ಚರ್ಚಿನ ಸೇವಕ ಕೋಲಿನಿಂದ ಹೊಡೆದು ಓಡಿಸಿದ. ಡಾನ್ ಬೋಸ್ಕೊ ಆ ಹುಡುಗ ತನ್ನ ಗೆಳೆಯ ಎಂದು ಹೇಳಿ ಹಿಂದಕ್ಕೆ ಕರೆಸಿದರು. ಹೆಸರು ಬಾರ್ತೊಲೊಮಿಯೊ ಗರೆಲ್ಲಿ, ಊರು ಆಸ್ತಿ, ಗಾರೆ ಕೆಲಸ, ವಯಸ್ಸು ಹದಿನಾರು. ತಂದೆ ಇಲ್ಲ, ತಾಯಿ ಇಲ್ಲ, ಓದು ಬರಹ ಬಾರದು. ಹಾಡಲು ಬರುತ್ತದೆಯೇ ಎಂದರೆ ಅದೂ ಇಲ್ಲ. ಶಿಳ್ಳೆ ಹಾಕಲು ಬರುತ್ತದೆಯೇ ಎಂದಾಗ ಹುಡುಗ ನಕ್ಕುಬಿಟ್ಟನಂತೆ. ಜ್ಞಾನೋಪದೇಶಕ್ಕೆ ಏಕೆ ಹೋಗುವುದಿಲ್ಲ ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರವನ್ನು ಡಾನ್ ಬೋಸ್ಕೊ ಮುಪ್ಪಿನವರೆಗೂ ಮರೆಯಲಿಲ್ಲ: ತನಗಿಂತ ಚಿಕ್ಕ ಹುಡುಗರಿಗೆ ಎಲ್ಲ ಗೊತ್ತಿದೆ, ದೊಡ್ಡವನಾದ ತನಗೆ ಏನೂ ಗೊತ್ತಿಲ್ಲ, ಅವರ ನಡುವೆ ಕೂರಲು ನಾಚಿಕೆ.

ಈ ನಾಚಿಕೆಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಆರು ತಿಂಗಳು ಮಂಗಳೂರಿನ ಯಾವುದೋ ಕಟ್ಟಡದ ಬುಡದಲ್ಲಿ ತಂಗಿಯನ್ನು ಎತ್ತಿಕೊಂಡು ಕಾದ ಹುಡುಗಿ ಊರಿಗೆ ಮರಳಿ ಐದನೆಯ ತರಗತಿಗೆ ಹೋದಾಗ, ಬೋರ್ಡಿನ ಮೇಲಿನ ಲೆಕ್ಕ ಅವಳಿಗೆ ತಿಳಿಯುವುದಿಲ್ಲ. ಎರಡು ದಿನ ಸುಮ್ಮನೆ ಕೂರುತ್ತಾಳೆ. ಮೂರನೆಯ ದಿನ ಹೊಟ್ಟೆನೋವು ಎನ್ನುತ್ತಾಳೆ. ಓದಿನಲ್ಲಿ ಮನಸ್ಸಿಲ್ಲ ಎಂದು ದೊಡ್ಡವರು ತೀರ್ಪು ಕೊಡುತ್ತಾರೆ. ಇಂಥ ಮಕ್ಕಳಿಗೆಂದು ಸರಕಾರ ಚಿಣ್ಣರ ಅಂಗಳ, ಟೆಂಟ್ ಶಾಲೆಗಳನ್ನು ನಡೆಸಿದ್ದುಂಟು, ಅದರಿಂದ ದಡ ಸೇರಿದವರೂ ಉಂಟು. ಡಾನ್ ಬೋಸ್ಕೊ ಗರೆಲ್ಲಿಯನ್ನು ಚಿಕ್ಕವರ ಸಾಲಿಗೆ ಅಟ್ಟಲಿಲ್ಲ. ಪೂಜೆ ಮುಗಿಸಿ ಬಂದು ಅವನೊಬ್ಬನಿಗೇ ಕುಳಿತು ಹೇಳಿಕೊಟ್ಟರು. ಮುಂದಿನ ಭಾನುವಾರ ಅವನು ಗೆಳೆಯರನ್ನು ಕರೆತಂದ.

ಹೀಗೆ ಬೆಳೆದ ಕೂಟಕ್ಕೆ ಒರಟೋರಿಯೊ ಎಂದು ಹೆಸರು. ಶಬ್ದಾರ್ಥ ಪ್ರಾರ್ಥನೆಯ ಜಾಗ ಎಂದಿದ್ದರೂ ಡಾನ್ ಬೋಸ್ಕೊರ ಕೈಯಲ್ಲಿ ಅದು ಪೂಜೆ, ಪಾಠ, ಓಟ, ಕೂಗಾಟ ಎಲ್ಲ ಸೇರಿದ ಜಾಗವಾಯಿತು. ನೂರಾರು ಹುಡುಗರ ಗದ್ದಲವನ್ನು ಯಾವ ಕೇರಿ ಸಹಿಸೀತು? ಮಾರ್ಕಿಸಾ ಬರೋಲೊರ ಆಶ್ರಯಧಾಮದ ಪಕ್ಕ, ಸ್ಮಶಾನದ ಪ್ರಾರ್ಥನಾ ಮಂದಿರ, ಗಿರಣಿಗಳ ಬಳಿ, ಬಾಡಿಗೆ ಕೋಣೆ, ಕೊನೆಗೆ ಬಯಲು ಹುಲ್ಲುಗಾವಲು; ಎಲ್ಲ ಕಡೆಯಿಂದಲೂ ಎಬ್ಬಿಸಿದರು. ಇದ್ದ ಜಾಗ ಬಿಟ್ಟು ಹೋಗುವ ಸಂಕಟವನ್ನು ಬಾಗಲಕೋಟೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಮನೆಗಳನ್ನು ಬಿಟ್ಟು ನವನಗರಕ್ಕೆ ಬಂದವರು ನಮ್ಮ ನಡುವೆಯೇ ಇದ್ದಾರೆ. ಡಾನ್ ಬೋಸ್ಕೊಗೆ ತಲೆ ಕೆಟ್ಟಿದೆ ಎಂದುಕೊಂಡು ಇಬ್ಬರು ಗುರುಗಳು ಹುಚ್ಚಾಸ್ಪತ್ರೆಗೆ ಒಯ್ಯಲು ಗಾಡಿಯನ್ನೂ ತಂದರು. ಅವರು ನಯವಾಗಿ ಆ ಇಬ್ಬರನ್ನೇ ಮೊದಲು ಹತ್ತಿಸಿ, ಬಾಗಿಲು ಮುಚ್ಚಿ, ಗಾಡಿಯನ್ನು ಓಡಿಸಲು ಹೇಳಿದರು ಎಂಬ ಕತೆ ಪ್ರಸಿದ್ಧ. 1846ರ ಏಪ್ರಿಲ್ 12, ಪುನರುತ್ಥಾನದ ಭಾನುವಾರದಂದು ವಾಲ್ದೊಕ್ಕೊ ಎಂಬಲ್ಲಿ ಪಿನಾರ್ದಿ ಎಂಬವನ ತಗ್ಗು ಚಪ್ಪರಮನೆ ಬಾಡಿಗೆಗೆ ಸಿಕ್ಕಿತು. ಆ ಬಳಿಕ ಅವರು ಅಲ್ಲಿಂದ ಕದಲಲಿಲ್ಲ.

ಅದೇ ಬೇಸಿಗೆಯಲ್ಲಿ ಅವರು ಶ್ವಾಸಕೋಶದ ಕಾಯಿಲೆಯಿಂದ ಸಾವಿನ ದವಡೆಗೆ ಹೋಗಿ ಬಂದರು. ಕೂಲಿಯ ಹುಡುಗರು ಉಪವಾಸ ಹಿಡಿದು, ಸರದಿಯ ಮೇಲೆ ದೇವಮಾತೆಯ ಪೀಠದ ಮುಂದೆ ಕೂತು ಬೇಡಿಕೊಂಡರು. ಚೇತರಿಸಿಕೊಳ್ಳಲು ಬೆಕ್ಕಿಗೆ ಹೋದ ಡಾನ್ ಬೋಸ್ಕೊ, ಮರಳುವಾಗ ತಾಯಿಯನ್ನು ಜೊತೆಗೆ ಬರುವೆಯಾ ಎಂದು ಕೇಳಿದರು. ಮಾರ್ಗರೀಟಳಿಗೆ ಐವತ್ತೆಂಟು. ಸ್ವಂತ ಮನೆ, ಮೊಮ್ಮಕ್ಕಳು, ಹೊಲ, ಎಲ್ಲವೂ ಇದ್ದ ಹೊತ್ತು. 1846ರ ನವೆಂಬರ್ 3ರಂದು ತಾಯಿ ಮಗ ಇಬ್ಬರೂ ಸುಮಾರು 30 ಕಿಲೋಮೀಟರ್ ನಡೆದು ತೂರಿನ್ ಸೇರಿದರು. ಆಕೆಯ ಕೈಯಲ್ಲಿ ಬಟ್ಟೆಯ ಬುಟ್ಟಿ. ಬಹಳ ಬೇಗ ಮದುವೆಯ ಉಂಗುರ, ಸರ ಮಾರಾಟವಾದವು. ಮದುವೆಯ ಬಟ್ಟೆ ಪೂಜಾವಸ್ತ್ರವಾಯಿತು. ನಮ್ಮ ತಾಯಂದಿರು ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡ ಧಾರೆಯ ಇಳಕಲ್ ಸೀರೆಯನ್ನು ತೆಗೆದುಕೊಟ್ಟರೆ ಹೇಗೋ ಹಾಗೆ.

ತಾಯಿ ಬಂದ ಮೇಲೆ ಆ ಜಾಗ ಮನೆಯಾಯಿತು. ಆದರೆ ಮೊದಲ ಪ್ರಯತ್ನ ಸೋತಿತು. ಮಲಗಲು ಜಾಗವಿಲ್ಲದ ಕೆಲವು ಹುಡುಗರಿಗೆ ಅಟ್ಟದ ಹುಲ್ಲಿನಲ್ಲಿ ಮಲಗಲು ಬಿಟ್ಟರೆ, ಬೆಳಗಾಗುವಷ್ಟರಲ್ಲಿ ಹುಡುಗರೂ ಇಲ್ಲ, ಹೊದಿಕೆಯೂ ಇಲ್ಲ. ಇನ್ನೊಮ್ಮೆ ಹುಲ್ಲನ್ನೇ ಹೊತ್ತೊಯ್ದು ಮಾರಿದರು. ಇಂಥ ಅನುಭವ ಆದ ಮೇಲೆ ಬಾಗಿಲು ಹಾಕಿಕೊಳ್ಳುವವರೇ ಹೆಚ್ಚು.

1847ರ ಮೇ ತಿಂಗಳ ಒಂದು ಸಂಜೆ, ಜೋರು ಮಳೆ. ಹದಿನೈದರ ಹುಡುಗನೊಬ್ಬ ತೊಯ್ದು ತೊಪ್ಪೆಯಾಗಿ ಬಾಗಿಲಿಗೆ ಬಂದ. ವಾಲ್ಸೇಸಿಯಾದ ಬೆಟ್ಟದ ಊರಿನವನು, ಗಾರೆ ಕೆಲಸ ಹುಡುಕಿ ಬಂದವನು. ತಂದ ಮೂರು ಲೀರಾ ಖರ್ಚಾಗಿದೆ, ಕೆಲಸ ಸಿಕ್ಕಿಲ್ಲ, ತನ್ನವರು ಯಾರೂ ಇಲ್ಲ. ಮಾರ್ಗರೀಟ ಅವನನ್ನು ಒಲೆಯ ಮುಂದೆ ಕೂರಿಸಿ ಸೂಪು ರೊಟ್ಟಿ ಕೊಟ್ಟಳು. ರಾತ್ರಿ ಎಲ್ಲಿ ಮಲಗಿಸುವುದು ಎಂಬ ಮಾತು ಬಂತು. ಅಡುಗೆಮನೆಯಲ್ಲಿ ಎಂದರೆ ಪಾತ್ರೆ ಹೊತ್ತುಕೊಂಡು ಹೋದಾನು ಎಂಬ ಅಂಜಿಕೆ. ಕೊನೆಗೆ ತಾಯಿ ಮಗ ಸೇರಿ ಒಡಕು ಇಟ್ಟಿಗೆಗಳನ್ನು ತಂದು ನಾಲ್ಕು ಕಡೆ ಜೋಡಿಸಿ, ಮೇಲೆ ಹಲಗೆ ಇಟ್ಟು, ಅದರ ಮೇಲೆ ಚೀಲ ಹಾಸಿದರು. ಮಲಗುವ ಮುನ್ನ ಮಾರ್ಗರೀಟ ಹುಡುಗನಿಗೆ ದುಡಿಮೆ, ಪ್ರಾಮಾಣಿಕತೆ, ದೇವರ ಭಯದ ಬಗ್ಗೆ ನಾಲ್ಕು ಮಾತು ಹೇಳಿ, ಜೊತೆಗೆ ಪ್ರಾರ್ಥನೆ ಮಾಡಿದಳು. ಆಮೇಲೆ ಹೊರಗಿನಿಂದ ಬಾಗಿಲಿಗೆ ಕೀಲಿ ಹಾಕಿದಳು!

ಆ ಕೀಲಿಯನ್ನು ಡಾನ್ ಬೋಸ್ಕೊ ತಮ್ಮ ನೆನಪುಗಳನ್ನು ಬರೆಯುವಾಗ ಮುಚ್ಚಿಡಲಿಲ್ಲ. ನನಗೆ ಅದು ಬಹಳ ಇಷ್ಟ. ಪ್ರೀತಿಯೂ ಇತ್ತು, ಪಾತ್ರೆಯ ಚಿಂತೆಯೂ ಇತ್ತು. ಹುಡುಗ ಪಾತ್ರೆ ಮುಟ್ಟಲಿಲ್ಲ. ಕೆಲಸ ಸಿಕ್ಕಿತು, ಚಳಿಗಾಲದವರೆಗೆ ಅಲ್ಲೇ ಇದ್ದ. ಜಗತ್ತಿನ ಸಲೇಷಿಯನ್ ವಸತಿಗೃಹಗಳೆಲ್ಲ ಆ ಇಟ್ಟಿಗೆಯ ಹಾಸಿಗೆಯಿಂದ ಹುಟ್ಟಿದವು. ಮಲಗುವ ಮುನ್ನ ಹೇಳಿದ ಆ ನಾಲ್ಕು ಮಾತು ಇಂದಿಗೂ ಅವರ ಮನೆಗಳಲ್ಲಿ ಪ್ರತಿ ರಾತ್ರಿ ನಡೆಯುವ ಪದ್ಧತಿ. ಹುಡುಗರು ಆಕೆಯನ್ನು ಮಮ್ಮ ಮಾರ್ಗರೀಟ ಎಂದರು, ನಮ್ಮ ಮಾತಿನಲ್ಲಿ ಹೇಳುವುದಾದರೆ ಮಾರ್ಗರೀಟವ್ವ. ಆಕೆಯೂ ಒಮ್ಮೆ ಬೇಸತ್ತಳು. ಯುದ್ಧದ ಆಟ ಆಡುತ್ತ ಹುಡುಗರು ಆಕೆಯ ಕಾಯಿಪಲ್ಲೆಯ ಮಡಿಗಳನ್ನೆಲ್ಲ ತುಳಿದುಹಾಕಿದಾಗ, ಸಾಕು, ಊರಿಗೆ ಹೋಗುತ್ತೇನೆ ಎಂದಳು. ಮಗ ಮಾತಾಡದೆ ಗೋಡೆಯ ಮೇಲಿನ ಶಿಲುಬೆಯನ್ನು ತೋರಿಸಿದರು. ಆಕೆ ಮತ್ತೆ ಮುಂದುಡುಪು ಕಟ್ಟಿಕೊಂಡಳು. 1856ರ ನವೆಂಬರ್ 25ರಂದು ಅಲ್ಲೇ ಕಣ್ಣು ಮುಚ್ಚಿದಳು.

ಹಾಸಿಗೆ, ಊಟ ಕೊಟ್ಟರೆ ಮುಗಿಯಲಿಲ್ಲ. ಹಗಲಿಡೀ ಹುಡುಗ ಯಜಮಾನನ ಕೈಯಲ್ಲಿ. 1851ರ ನವೆಂಬರ್‌ನಲ್ಲಿ ಮತ್ತು 1852ರ ಫೆಬ್ರುವರಿಯಲ್ಲಿ ಡಾನ್ ಬೋಸ್ಕೊ ಮಾಡಿಸಿದ ಕರಾರು ಪತ್ರಗಳು ಉಳಿದಿವೆ. ಒಂದು ಗಾಜಿನ ಕೆಲಸ ಕಲಿಯುವ ಹುಡುಗನದು, ಇನ್ನೊಂದು ಬಡಗಿ ಕೆಲಸದವನದು. ಯಜಮಾನ ಕಸುಬನ್ನು ಪೂರ್ತಿ ಕಲಿಸಬೇಕು, ಬೇರೆ ಚಾಕರಿಗೆ ಹಚ್ಚಬಾರದು, ತಪ್ಪಿದರೆ ಬಾಯಲ್ಲಿ ಹೇಳಿ ತಿದ್ದಬೇಕೇ ಹೊರತು ಕೈ ಎತ್ತಬಾರದು, ಹಬ್ಬದ ದಿನ ಬಿಡುವು ಕೊಡಬೇಕು, ಕೂಲಿ ಹೆಚ್ಚುತ್ತ ಹೋಗಬೇಕು. ಬಡಗಿ ಹುಡುಗನ ಪತ್ರದಲ್ಲಿ ತಂದೆಯೂ ಹೊಣೆಗಾರ. ತಂದೆಯನ್ನು ಬಿಟ್ಟು ಮಗನ ಉದ್ಧಾರ ಮಾಡಹೊರಟವರಲ್ಲ ಅವರು. ಇಳಕಲ್ಲಿನ ಮಗ್ಗದ ಮನೆಗಳನ್ನು, ಕಲ್ಲಿನ ಗಣಿಗಳನ್ನು ಬಲ್ಲವರಿಗೆ, ಮುಂಗಡ ಹಣ ಎಂಬ ಮಾತನ್ನು ಬಲ್ಲವರಿಗೆ, ಈ ಕರಾರಿನ ಬೆಲೆ ತಿಳಿಯುತ್ತದೆ. 14 ತುಂಬದ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವುದನ್ನೇ ನಮ್ಮ ಕಾನೂನು 2016ರ ತಿದ್ದುಪಡಿಯಲ್ಲಿ ನಿಷೇಧಿಸಿತು. ಡಾನ್ ಬೋಸ್ಕೊರ ಕಾಲದಲ್ಲಿ ಅಂಥ ಆಸರೆ ಇರಲಿಲ್ಲ. ಸ್ಟಾಂಪ್ ಕಾಗದದ ಮೇಲೆ ಒಬ್ಬೊಬ್ಬ ಹುಡುಗನಿಗಾಗಿ ಒಬ್ಬೊಬ್ಬ ಯಜಮಾನನ ಜೊತೆ ಗುದ್ದಾಡಬೇಕಿತ್ತು.

ದೇಶದಲ್ಲಿ ಹೊಸ ಮೆಟ್ರಿಕ್ ಅಳತೆ ಬರಲಿದೆ ಎಂದಾಗ, ಕೂಲಿಯವರು ಲೆಕ್ಕದಲ್ಲಿ ಮೋಸ ಹೋಗಬಾರದೆಂದು 1849ರಲ್ಲಿ ಅದರ ಮೇಲೊಂದು ಸರಳ ಪುಸ್ತಕ ಬರೆದು ರಾತ್ರಿ ಶಾಲೆಯಲ್ಲಿ ಕಲಿಸಿದರು. ಸೇರು ಪಾವು ಹೋಗಿ ಕಿಲೋ ಬಂದ ದಿನಗಳನ್ನು ಕಂಡ ನಮ್ಮ ಹಿರಿಯರು ಇದನ್ನು ಓದಿ ನಕ್ಕಾರು. 1853ರಿಂದ ಮನೆಯಲ್ಲೇ ಚಮ್ಮಾರಿಕೆ, ಹೊಲಿಗೆ, ಆಮೇಲೆ ಪುಸ್ತಕ ಕಟ್ಟುವುದು, ಬಡಗಿತನ, ಅಚ್ಚುಕೂಟ ಶುರುವಾದವು.

1857ರ ಶರತ್ಕಾಲ. ಕಾರ್ಮಾನ್ಯೋಲಾ ರೈಲು ನಿಲ್ದಾಣದಲ್ಲಿ ದಟ್ಟ ಮಂಜು. ಗಾಡಿಗೆ ಕಾಯುತ್ತಿದ್ದ ಡಾನ್ ಬೋಸ್ಕೊಗೆ ಮಂಜಿನೊಳಗಿಂದ ಹುಡುಗರ ಕೇಕೆ ಕೇಳಿಸಿತು. ಹತ್ತಿರ ಹೋದರೆ ಎಲ್ಲರೂ ಓಟ ಕಿತ್ತರು. ಸೊಂಟದ ಮೇಲೆ ಕೈಯಿಟ್ಟು ಒಬ್ಬನೇ ನಿಂತ. ಮಿಕೇಲೆ ಮಗೋನೆ. ತಂದೆ ಸತ್ತಿದ್ದಾನೆ, ತಾಯಿ ಕಂಡವರ ಮನೆಯಲ್ಲಿ ದುಡಿಯುತ್ತಾಳೆ. ಏನು ಕಲಿತೆ ಎಂದರೆ ಏನೂ ಮಾಡದೆ ಇರುವುದನ್ನು ಕಲಿತೆ ಎಂಬ ಉತ್ತರ. ಗಾಡಿ ಹೊರಡುವ ಗಂಟೆ. ಡಾನ್ ಬೋಸ್ಕೊ ಅವನ ಕೈಗೆ ದೇವಮಾತೆಯ ಪದಕವೊಂದನ್ನು ಕೊಟ್ಟು, ಆ ಊರಿನ ಗುರುಗಳನ್ನು ಕಾಣಲು ಹೇಳಿದರು. ಅವರು ಹುಡುಗನನ್ನು ಕೈಹಿಡಿದು ಗಾಡಿ ಹತ್ತಿಸಲಿಲ್ಲ. ಮನೆಯ ಪರಿಸ್ಥಿತಿ ಏನು, ಹುಡುಗ ಎಂಥವನು ಎಂದು ಗುರುಗಳಿಂದ ಪತ್ರ ತರಿಸಿಕೊಂಡರು. ಶಾಲೆಯಲ್ಲಿ ಗಲಾಟೆ, ಜ್ಞಾನೋಪದೇಶದಲ್ಲಿ ಗಲಾಟೆ, ಆದರೆ ಮನಸ್ಸು ಒಳ್ಳೆಯದು ಎಂದು ಉತ್ತರ ಬಂತು. ಆಮೇಲೆಯೇ ಸೇರಿಸಿಕೊಂಡರು. ಒಂದು ವರ್ಷದ ಮೇಲೆ ಸ್ವಲ್ಪ ದಿನ, ಅಷ್ಟೇ ಮಗೋನೆ ಅಲ್ಲಿ ಬದುಕಿದ್ದು. 1859ರ ಜನವರಿ 21ರಂದು ತೀರಿಕೊಂಡ. ಡಾನ್ ಬೋಸ್ಕೊ ಆ ತುಂಟನ ಜೀವನಚರಿತ್ರೆಯನ್ನು ತಾವೇ ಬರೆದರು.

ರೈಲು ನಿಲ್ದಾಣ ಎಂದಾಗ ನೆನಪಾಗುತ್ತದೆ. ಬಾಗಲಕೋಟೆ, ಬಾದಾಮಿ ದಾಟಿ ಬೆಂಗಳೂರಿಗೆ ಓಡುವ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಂಥ ಗಾಡಿ ಹತ್ತಿ, ಮನೆಯಲ್ಲಿ ಬೈದರೆಂದೊ, ಶಾಲೆಯ ಅಂಜಿಕೆಗೊ ಓಡಿಹೋಗುವ ಹುಡುಗರು ಇಳಿಯುವುದು ಬೆಂಗಳೂರು ನಿಲ್ದಾಣದಲ್ಲಿ. 1980ರಲ್ಲಿ ಸಲೇಷಿಯನ್ ಗುರುಮಠದ ವಿದ್ಯಾರ್ಥಿಗಳು ಆ ನಗರದ ಬೀದಿಗಳಲ್ಲಿ ಇಂಥ ಮಕ್ಕಳ ಗೆಳೆತನ ಮಾಡಲು ಹೊರಟಾಗ ಹುಟ್ಟಿದ ಸಂಸ್ಥೆ ಬೋಸ್ಕೊ. ಸಂತರ ಹೆಸರೂ ಹೌದು, ಬೆಂಗಳೂರು ಓಣಿಯವರ ಸೇವಾ ಕೂಟ ಎಂಬುದರ ಮೊದಲಕ್ಷರಗಳೂ ಹೌದು. ಓಣಿ ಎಂಬುದು ನಮ್ಮ ಕಡೆಯ ಮಾತಲ್ಲವೇ? ಅವರು ಮಗುವನ್ನು ಇಟ್ಟುಕೊಳ್ಳುವುದಕ್ಕಿಂತ ಮೊದಲು ಮನೆಯ ವಿಳಾಸ ಹುಡುಕುತ್ತಾರೆ. ಮಂಜಿನ ನಿಲ್ದಾಣದಲ್ಲಿ ಡಾನ್ ಬೋಸ್ಕೊ ಮಾಡಿದ್ದೂ ಅದನ್ನೇ. ಒಂಟಿಯಾಗಿ ಅಲೆಯುವ ಮಗುವನ್ನು ಕಂಡರೆ 1098ಕ್ಕೆ ಫೋನ್ ಮಾಡಿದರೆ ಸಾಕು. ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಯ್ಯುವ ವ್ಯವಸ್ಥೆ ಇದೆ. ನಾವೇ ಬುದ್ಧಿ ಹೇಳಿ ಮರಳಿ ಗಾಡಿ ಹತ್ತಿಸಿಬಿಡುವುದು ಬೇಡ, ಅದು ಯಾವುದರಿಂದ ಓಡಿಬಂತೋ ಯಾರಿಗೆ ಗೊತ್ತು.

1859ರ ಡಿಸೆಂಬರ್ 18ರಂದು ಡಾನ್ ಬೋಸ್ಕೊ ತಮ್ಮ ಹುಡುಗರಲ್ಲೇ ಕೆಲವರನ್ನು ಸೇರಿಸಿ ಸಲೇಷಿಯನ್ ಸಭೆ ಕಟ್ಟಿದರು. ಹೆಣ್ಣುಮಕ್ಕಳಿಗಾಗಿ 1872ರಲ್ಲಿ ಮರಿಯ ಮಜ್ಜರೆಲ್ಲೊ ಅವರ ಜೊತೆ ಸಿಸ್ಟರುಗಳ ಸಭೆ ಹುಟ್ಟಿತು. 1888ರ ಜನವರಿ 31ರ ಬೆಳಗಿನ ಜಾವ ಅವರು ಪ್ರಭುವಿನಲ್ಲಿ ನಿದ್ರಿಸಿದರು. 1906ರಲ್ಲಿ ಅವರ ಮಕ್ಕಳು ಭಾರತದ ತಂಜಾವೂರಿಗೆ ಬಂದರು. 1934ರ ಏಪ್ರಿಲ್ 1ರಂದು ಅವರನ್ನು ಸಂತರೆಂದು ಘೋಷಿಸಲಾಯಿತು.

ಅವರ ಮೊದಮೊದಲ ಹುಡುಗರಲ್ಲಿ ಜೋಸೆಫ್ ಬುತ್ಸೆತ್ತಿ ಎಂಬವನೊಬ್ಬ. ಲೊಂಬಾರ್ದಿಯ ಹಳ್ಳಿಯಿಂದ ಗಾರೆ ಕೆಲಸಕ್ಕೆಂದು ಹಂಗಾಮಿಗೆ ಬಂದ ಬಾಲಕ. ಹಂಗಾಮು ಮುಗಿದು ಜೊತೆಯವರು ಊರಿಗೆ ಹೊರಟಾಗ ಇವನು ಹೋಗಲಿಲ್ಲ. ಗುರುವಾಗಬೇಕೆಂದು ಓದಲು ತೊಡಗಿದ, ಪಿಸ್ತೂಲಿನ ಅಪಘಾತದಲ್ಲಿ ಬೆರಳು ಕಳೆದುಕೊಂಡ, ಗುರುವಾಗಲಿಲ್ಲ. ಆದರೂ ಡಾನ್ ಬೋಸ್ಕೊರ ಮನೆಯಲ್ಲೇ ಲೆಕ್ಕ ಬರೆಯುತ್ತ, ಹುಡುಗರಿಗೆ ಹಾಡು ಕಲಿಸುತ್ತ, ಕಾರ್ಯಾಗಾರ ನೋಡಿಕೊಳ್ಳುತ್ತ ಉಳಿದ. ಡಾನ್ ಬೋಸ್ಕೊ ತೀರಿಕೊಂಡ ಮೂರು ವರ್ಷದ ಮೇಲೆ, 1891ರಲ್ಲಿ, ಸಲೇಷಿಯನ್ ಸಹೋದರನಾಗಿ ತೀರಿಕೊಂಡ. ಗಾರೆಯ ಪುಟ್ಟಿ ಹೊತ್ತು ಬಂದ ಆ ಹುಡುಗ ಐವತ್ತು ವರ್ಷ ಮನೆ ಬಿಟ್ಟು ಹೋಗಲಿಲ್ಲ.